ಸಿಸ್ಟರ್ ಅಸ್ನಾಕೆಚ್ ಅಂಗಾತ ಮಲಗಿದ್ದು

ಅಡಿಸ್ ಅಬಾಬಾದ ನಮ್ಮ ಕಣ್ಣಾಸ್ಪತ್ರೆಗೆ ಡಾಕ್ಟರುಗಳು ಬರುತ್ತಿದ್ದರು, ಹೋಗುತ್ತಿದ್ದರು. ಆಪರೇಷನ್ ಕೋಣೆ ಮಾತ್ರ ಸಿಸ್ಟರ್ ಅಸ್ನಾಕೆಚ್ ಅವರದು. ಇಪ್ಪತ್ತೇಳು ವರ್ಷ. ಅವರ ಕೈಕೆಳಗೆ ಬೈಸಿಕೊಂಡೇ ಕೆಲಸ ಕಲಿತವಳು ನಾನು. ಹೊಗಳುವ ಹಕ್ಕೂ ನನಗಿದೆ.

ಅವರು ಸೇರಿದಾಗ ಕಾರ್ನಿಯಾ ಕಸಿಗೆ ಬರುತ್ತಿದ್ದವರು ಹೆಚ್ಚಾಗಿ ಹಳ್ಳಿಯ ಹೆಂಗಸರು. ಸೋಂಕಿನಿಂದ ರೆಪ್ಪೆ ಒಳಕ್ಕೆ ಮಡಚಿ, ಕೂದಲು ಉಜ್ಜಿ ಉಜ್ಜಿ ಕಣ್ಣಿಗೆ ಹೂ ಬಿದ್ದಿರುತ್ತಿತ್ತು. ಆಗೆಲ್ಲ ಇಡೀ ಕಾರ್ನಿಯಾವನ್ನೇ ಗುಂಡಗೆ ಕತ್ತರಿಸಿ, ಸತ್ತವರು ಕೊಟ್ಟದ್ದನ್ನು ಕೂರಿಸಿ, ಕೂದಲಿಗಿಂತ ಸಣ್ಣ ದಾರದಲ್ಲಿ ಹದಿನಾರು ಹೊಲಿಗೆ. ಆಮೇಲೆ ಕಣ್ಣುಜ್ಜುವ ಚಾಳಿಯಿಂದ ಕಾರ್ನಿಯಾ ಮೊನಚಾಗಿ ಉಬ್ಬಿದ ಕಾಲೇಜು ಹುಡುಗಿಯರು ಬಂದರು. ಪೊರೆ ತೆಗೆಸಿದ ಮೇಲೆ ಒಳಪದರ ಸೋತು ಕಣ್ಣು ಮಂಜಾದ ವಯಸ್ಸಾದವರು ಬಂದರು. ಇವರಿಗೆ ಆ ಪದರವೊಂದನ್ನೇ ಬದಲಿಸಿ, ಕಣ್ಣೊಳಗೆ ಗಾಳಿಗುಳ್ಳೆ ಬಿಟ್ಟು ಅಂಟಿಸುವ ವಿಧಾನ ಬಂತು. ಗುಳ್ಳೆ ಪದರವನ್ನು ಮೇಲಕ್ಕೆ ಒತ್ತಿ ಹಿಡಿಯಬೇಕಾದರೆ ರೋಗಿ ಅಂಗಾತ ಮಲಗಿಯೇ ಇರಬೇಕು.

"ಹೊಲಿಗೆ ಇಲ್ದೆ ಬರೀ ಗಾಳೀಲಿ ನಿಲ್ಲಿಸ್ತಾರಂತೆ!" ಎಂದು ಸಿಸ್ಟರ್ ಮೂಗು ಮುರಿದರು. ಕಲಿತದ್ದು ಮಾತ್ರ ಎಲ್ಲರಿಗಿಂತ ಮೊದಲು. ತಲೆಯೆತ್ತಿದ ರೋಗಿಗೆ ಅವರು ಬೈಯುವುದು ಬೀದಿಗೆ ಕೇಳುತ್ತಿತ್ತು.

ಕೊನೆಗೆ ಅವರದೇ ಬಲಗಣ್ಣು ಹೀಗೆ ಒಳಪದರ ಸೋತು ಮಂಜಾಯಿತು. ಎಡಗಣ್ಣು ಮೊದಲೇ ಅಷ್ಟಕ್ಕಷ್ಟೆ. ಸೂಜಿ ಕಾಣದ ನರ್ಸಿಗೆ ಆಪರೇಷನ್ ಕೋಣೆಯಲ್ಲಿ ಏನು ಕೆಲಸ? ದಾನದ ಕಣ್ಣಿಗಾಗಿ ಹತ್ತು ತಿಂಗಳು ಪಾಳಿಯಲ್ಲಿ ಕಾದರು. ಯಾರನ್ನೂ ಹಿಂದೆ ಹಾಕಿ ಮುಂದೆ ನುಗ್ಗಲಿಲ್ಲ.

ಆಪರೇಷನ್ ಆಗಿ ಎರಡು ಗಂಟೆಯೂ ಆಗಿರಲಿಲ್ಲ, ಅವರ ಮನೆತನದ ಪಾದ್ರಿ ಅಬಾ ವೊಲ್ದೆ ಶಿಲುಬೆ ಹಿಡಿದು ಬಂದರು. ಶಿಲುಬೆ ಬಂದಾಗ ಮಲಗಿರುವುದು ನಮ್ಮವರಿಗೆ ಗೊತ್ತಿಲ್ಲ. ಸಿಸ್ಟರ್ ದಡಕ್ಕನೆ ಎದ್ದು, ಅದಕ್ಕೆ ಮುತ್ತಿಟ್ಟು, ಪಾದ್ರಿಯ ಮಂಡಿಗೆ ಹಣೆ ತಾಗುವಷ್ಟು ಬಗ್ಗಿದರು. ನಾನು ಕಿರುಚಿದೆ.

ಡಾಕ್ಟರ್ ನೋಡಿದರು. "ಪದರ ಬಿಟ್ಕೊಂಡಿದೆ. ಇನ್ನೊಂದ್ಸಲ ಗಾಳಿ ತುಂಬ್ತೀನಿ. ಈಗ್ಲೂ ನಿಲ್ದಿದ್ರೆ ಮತ್ತೆ ಪಾಳಿನೇ, ಸಿಸ್ಟರ್."

ಸಿಸ್ಟರ್ ಅತ್ತದ್ದನ್ನು ನಾನು ನೋಡಿದ್ದು ಅಂದೇ. "ಇಷ್ಟು ವರ್ಷ ಎಲ್ರಿಗೂ ಬೈದೆ ಕಣೇ ಯೆಶಿ. ಈಗ ನಂಗ್ಯಾರು ಬೈತಾರೆ?"

"ನಾನೇ ಬೈತೀನಿ. ಇನ್ನೊಂದ್ಸಲ ತಲೆ ಎತ್ತಿ ನೋಡಿ, ಮಂಚಕ್ಕೆ ಕಟ್ಟಿ ಹಾಕ್ತೀನಿ!"

ಮರುದಿನ ಪಾದ್ರಿ ಅಳುಕುತ್ತ ಮತ್ತೆ ಬಂದರು. ಹೆಜ್ಜೆಸಪ್ಪಳಕ್ಕೇ ಸಿಸ್ಟರ್ ಹೇಳಿದರು: "ಅಬಾ, ಇವತ್ತು ನಾನು ಏಳಲ್ಲ. ಆಶೀರ್ವಾದ ಮಾಡೋದಾದ್ರೆ ನೀವೇ ಬಗ್ಬೇಕು."

ವಾರ್ಡಿನ ಹೆಂಗಸರೆಲ್ಲ ಉಸಿರು ಬಿಗಿಹಿಡಿದರು. ಪಾದ್ರಿಗೆ ಹಾಗೆ ಯಾರಾದರೂ ಹೇಳುವುದುಂಟೇ! ಎಂಬತ್ತರ ಆ ಮುದುಕ ಕೋಲನ್ನು ಗೋಡೆಗೆ ಒರಗಿಸಿ, ಮಂಚದ ಪಕ್ಕ ನಿಧಾನವಾಗಿ ಮಂಡಿಯೂರಿ, ಶಿಲುಬೆಯನ್ನು ಅವರ ತುಟಿಗೆ ತಾಗಿಸಿದರು. ಸಿಸ್ಟರ್ ತಲೆ ದಿಂಬಿನಿಂದ ಕೂದಲೆಳೆಯಷ್ಟೂ ಏಳಲಿಲ್ಲ.

ಪದರ ನಿಂತಿತು. ಎರಡು ತಿಂಗಳ ನಂತರ ಪಾದ್ರಿ ವಾರ್ಡಿಗೆ ಬಂದಾಗ ಸಿಸ್ಟರ್ ಸಮವಸ್ತ್ರದಲ್ಲಿದ್ದರು. ಬಾಗಿಲಲ್ಲೇ ಪಾದ್ರಿಯನ್ನು ನಿಲ್ಲಿಸಿ ಮುಖವನ್ನೇ ನೋಡಿದರು.

"ಅಬಾ, ಗಡ್ಡ ಇಷ್ಟು ಬೆಳ್ಳಗಾಗಿದ್ಯಾ! ಯಾರೂ ಹೇಳ್ಲೇ ಇಲ್ಲ ನಂಗೆ."

ಆಮೇಲೆ ಬಗ್ಗಿ ಅವರ ಮಂಡಿಗೆ ಹಣೆ ಇಟ್ಟರು. ಬಹಳ ಹೊತ್ತು ಮೇಲೇಳಲಿಲ್ಲ.