ಲೊಡಲೊಡ ಅಂದ ಡಿವಿಡಿ

ನಮ್ಮ ತಿಪಟೂರು ಸೀಮೆಯಲ್ಲಿ ಮುಚ್ಚಿದ ವಸ್ತು ಏನೇ ಕೈಗೆ ಸಿಕ್ಕರೂ ಜನ ಮೊದಲು ಕಿವಿಗಿಟ್ಟು ಅಲ್ಲಾಡಿಸುತ್ತಾರೆ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಅಂದರೆ ಇಳಿಸಿ ಸುಲಿಯಬಹುದು, ಇಲ್ಲವಾದರೆ ಕಾಯಬೇಕು. ಈ ಚಾಳಿ ನನ್ನ ಜೀವ ತಿಂದದ್ದು ಒಂದು ಡಿವಿಡಿಯ ದೆಸೆಯಿಂದ.

ಅಂತಿಂಥ ಡಿವಿಡಿಯಲ್ಲ! ಇಬ್ಬರು ಗಂಡಸರ ಪ್ರೀತಿಯ ಕಥೆ; ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ತೆಗೆದು, ದೇಶದೇಶಗಳಲ್ಲಿ ಹೊಗಳಿಸಿಕೊಂಡ ಸಿನಿಮಾ. ಅದರ ಕಲೆಕ್ಟರ್ಸ್ ಎಡಿಷನ್! ಎರಡು ಡಿಸ್ಕು, ಪುಟ್ಟ ಪುಸ್ತಕ, ಮಡಿಚಿಟ್ಟ ಪೋಸ್ಟರು. ವಿದೇಶದಿಂದ ತರಿಸಿಕೊಟ್ಟ ತುಮಕೂರಿನ ಗೆಳೆಯ ಬಸ್ಸಿನಲ್ಲಿ ಕಳಿಸಿದ್ದ. ನಾನು ಕಿಬ್ಬನಹಳ್ಳಿ ಕ್ರಾಸಿಗೆ ಒಂದು ಗಂಟೆ ಮೊದಲೇ ಹೋಗಿ ಮೂರು ಟೀ ಕುಡಿದೆ. ಕಂಡಕ್ಟರು ಪಾರ್ಸೆಲ್ಲಿನ ಹರಿದ ಮೂಲೆಯಲ್ಲಿ ಇಣುಕಿ, "ಕಲೆಕ್ಟರ್ ಅಂತ ಬರ್ದೈತೆ, ಡೀಸಿ ಆಫೀಸಿಂದೇನ್ರೀ?" ಅಂದ. ಹೂಂ ಅಂದುಬಿಟ್ಟೆ. ಆಮೇಲೆ ಕಿವಿಗಿಟ್ಟು ಅಲ್ಲಾಡಿಸಿದ. ಲೊಡಲೊಡ! ಒಳಗೆ ಡಿಸ್ಕು ಕಳಚಿಕೊಂಡಿತ್ತು. ಗೆರೆ ಬಿದ್ದರೆ ಮುಗಿಯಿತು!

"ಚೆನ್ನಾಗಿ ಒಣಗೈತೆ, ತಗಳ್ರೀ," ಎಂದು ನಕ್ಕು ಕೊಟ್ಟ.

ಮನೆಯಲ್ಲಿ ಅವ್ವ ಭಾನುವಾರ ನನಗೆ ಹೆಣ್ಣು ನೋಡಲು ಹೊರಡುವ ಸಡಗರದಲ್ಲಿದ್ದಳು. ನನ್ನ ಮನಸ್ಸು ಒಲಿಯುವುದು ಗಂಡಸರಿಗೇ ಎಂಬ ಮಾತು ನಾಲಿಗೆಯ ತುದಿಗೆ ಬಂದು ಬಂದು ವಾಪಸ್ಸು ಹೋಗಿ ಐದು ವರ್ಷವಾಗಿತ್ತು. ಅವಳು ತೋಟಕ್ಕೆ ಹೋದಾಗ ನೋಡಿದರಾಯಿತೆಂದು ಡಬ್ಬವನ್ನು ಅಟ್ಟದ ಕಾಯಿರಾಶಿಯೊಳಗೆ ಹುದುಗಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕಾಯಿ ಅಲ್ಲಾಡಿಸಿ ನೋಡಲು ಅವ್ವ ದಿನಾ ಹತ್ತುವ ಅಟ್ಟ ಅದು.

ಮರುದಿನ ಬೆಳಿಗ್ಗೆ ಮೇಲಿಂದಲೇ ಕೂಗಿದಳು.

"ಏನ್ಲಾ ಇದು, ಲೊಡಲೊಡ ಅಂತೈತೆ?"

"ಸಿನಿಮಾ ಕಣವ್ವ."

"ಹಾಕು ಮತ್ತೆ, ನಾನೂ ನೋಡ್ತೀನಿ."

ಏನಾದರೂ ಸುಳ್ಳು ಹೇಳಬಹುದಿತ್ತು. ಡಬ್ಬ ತೆರೆದರೆ ಡಿಸ್ಕಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ಆ ಖುಷಿಯಲ್ಲಿ ತಲೆ ಕೆಟ್ಟು ಹಾಕಿಯೇಬಿಟ್ಟೆ. ಆ ಭಾಷೆಯ ಒಂದಕ್ಷರವೂ ಬಾರದ ಅವ್ವ ರೆಪ್ಪೆ ಮಿಟುಕಿಸದೆ ನೋಡಿದಳು. ಕೊನೆಯಲ್ಲಿ ಒಬ್ಬ ರೈಲು ಹತ್ತಿ, ಇನ್ನೊಬ್ಬ ಪ್ಲಾಟ್‌ಫಾರಮ್ಮಿನಲ್ಲೇ ಉಳಿದಾಗ ಸೆರಗಿನಲ್ಲಿ ಮೂಗೊರೆಸಿಕೊಂಡು, "ಇವಂಗೇನು ದೊಡ್ರೋಗ, ಅವನ ಜೊತೆ ಹತ್ಬಾರ್ದಾ!" ಎಂದು ಬೈದಳು. ನನಗೆ ನಗು ಉಕ್ಕಿತು, ಹಿಂದೆಯೇ ಅಳು.

"ಅವ್ವಾ, ನಾನೂ ಅವರ ಥರಾನೇ," ಅಂದೆ.

"ಗೊತ್ತು ಬುಡು. ಎಷ್ಟು ವರ್ಷದಿಂದ ನಿನ್ನೊಳಗೆ ಏನೋ ಲೊಡಲೊಡ ಅಂತಿತ್ತು. ಹೆಣ್ಣು ನೋಡಾಕೆ ಹೊಂಟ್ರಾದ್ರೂ ನೀನಾಗೇ ಬಾಯ್ಬಿಡ್ತೀಯ ಅಂತ ಕಾಯ್ತಿದ್ದೆ."

ಎದ್ದು ಹೋಗಿ ಹೆಣ್ಣಿನ ಮನೆಗೆ ಫೋನು ಮಾಡಿ, ಭಾನುವಾರ ನಾವು ಬರುವುದಿಲ್ಲ ಎಂದಳು. ನಾನು ಕುಣಿಯಲೋ ಕಾಲಿಗೆ ಬೀಳಲೋ ತಿಳಿಯದೆ ನಿಂತಿದ್ದೆ. ಅವಳು ವಾಪಸ್ಸು ಬಂದು ಚಾಪೆಯ ಮೇಲೆ ಕೂತು ಡಬ್ಬವನ್ನು ಮತ್ತೆ ಅಲ್ಲಾಡಿಸಿದಳು.

"ಇನ್ನೊಂದು ಪ್ಲೇಟ್ ಐತಲ್ಲ, ಹಾಕ್ಲಾ. ಅದ್ರಲ್ಲಾದ್ರೂ ಹತ್ತುತಾನೇನೋ ನೋಡಾನ."