ಹಾಲಿನ ಡೇರಿಯಲ್ಲಿ ನನ್ನ ಗರ್ಭಕೋಶ

ಗರ್ಭಕೋಶ ತೆಗೆಸಿಕೊಂಡದ್ದನ್ನು ನಾನು ಮೇಲೂರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಗಂಡನಿಗೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿತ್ತು. ಉಳಿದವರಿಗೆ ಹೊಟ್ಟೆಯಲ್ಲಿ ಕಲ್ಲು ಎಂದಿದ್ದೆ. ಕಲ್ಲಾದರೆ ಯಾರೂ ಹೆಚ್ಚು ಕೆದಕುವುದಿಲ್ಲ. ಅತ್ತೆ ಆಗ ಗಂಡು ಮೊಮ್ಮಗುವಿಗಾಗಿ ಹರಕೆ ಹೊತ್ತಿದ್ದರು. ಅವರಿಗೆ ನಾನೇ ನಿಧಾನವಾಗಿ ಹೇಳಬೇಕೆಂದಿದ್ದೆ.

ಆಪರೇಷನ್ ಖರ್ಚಿಗೆ ಕ್ಲೇಮು ಹಾಕಿದಾಗ ಇನ್ಷೂರೆನ್ಸ್‌ನವರಿಗೆ ಒಂದು ಅನುಮಾನ: ಈ ಕಾಯಿಲೆ ಪಾಲಿಸಿಗೂ ಮೊದಲೇ ಇತ್ತೇನೋ. ತನಿಖೆಗೆ ಒಬ್ಬನನ್ನು ಕಳಿಸಿದರು. ಆ ಪುಣ್ಯಾತ್ಮ ನಮ್ಮ ಮನೆಗೆ ಬರಲೇ ಇಲ್ಲ. ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಸರಿಯಾಗಿ ಡೇರಿ ಮುಂದೆ ಬೈಕ್ ನಿಲ್ಲಿಸಿ, ಸಾಲಿನಲ್ಲಿದ್ದವರನ್ನು ನನ್ನ ಹೆಸರು ಹೇಳಿಯೇ ಕೇಳಿದನಂತೆ: "ಆಯಮ್ಮಂಗೆ ಗರ್ಭಕೋಶ ತೆಗೆದ್ರಲ್ಲ, ಎಷ್ಟು ವರ್ಷದಿಂದ ತೊಂದ್ರೆ ಇತ್ತು?"

ನಾವು ರೇಷ್ಮೆ ಸಾಕುವವರು. ಸೋಂಕು ತಗುಲೀತೆಂದು ಹುಳುಮನೆಯೊಳಗೆ ಕಾಲು ತೊಳೆಯದೆ ಯಾರನ್ನೂ ಬಿಡುವುದಿಲ್ಲ. ಹುಳುವಿಗಿದ್ದ ಬಾಗಿಲು ನನಗಿರಲಿಲ್ಲ.

ಇನ್ನು ಊರಿನವರ ಒಳ್ಳೆಯತನ. ಕಾಯಿಲೆ ದೊಡ್ಡದಾದಷ್ಟೂ ಕ್ಲೇಮು ಬೇಗ ಸಿಗುತ್ತದೆಂದು ತಿಳಿದು ನನಗೆ ಉಪಕಾರ ಮಾಡಲು ಪೈಪೋಟಿಗೆ ಬಿದ್ದರು. "ಮದ್ವೆಯಾಗಿ ಬಂದಾಗಿಂದ್ಲೂ ನರಳ್ತಾ ಅವ್ಳೆ ಸಾ" ಎಂದರಂತೆ ಎದುರುಮನೆ ದೊಡ್ಡಮ್ಮ. "ತವರಲ್ಲೇ ಇತ್ತಂತೆ" ಎಂದು ಇನ್ನೊಬ್ಬರು. ನನ್ನ ತವರು ಗೌರಿಬಿದನೂರಿನ ಕಡೆ. ಅವರು ಆ ದಿಕ್ಕಿಗೆ ತಲೆಹಾಕಿಯೂ ಮಲಗಿದವರಲ್ಲ.

ಸಂಜೆ ದೊಡ್ಡಮ್ಮ ಮನೆಗೇ ಬಂದರು. "ಗಟ್ಟಿಯಾಗಿ ಹೇಳಿದೀನಿ ಕಣಮ್ಮ, ಯೋಚ್ನೆ ಮಾಡ್ಬೇಡ. ಅಲ್ಲ, ನಂಗೆ ಕಲ್ಲು ಅಂದಿದ್ಯಲ್ಲ, ಗರ್ಭಕೋಶಾನೇ ತೆಗೆಸ್ಬಿಟ್ಯಾ?"

ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆಯ ಮೊರ ನಿಂತಿತು. ನಾನು ಹೇಳಬೇಕಾಗಿದ್ದ ಮಾತು ಅವರಿಗೆ ಡೇರಿಯಿಂದ ತಲುಪಿತು. ಬಹಳ ದಿನ ಅವರು ನನ್ನ ಮುಖ ನೋಡಿ ಮಾತಾಡಲಿಲ್ಲ. ಹುಳುಮನೆಯಲ್ಲಿ ಸೊಪ್ಪು ಹಾಕುತ್ತಾ ನಾನು ಸಿಟ್ಟಿಗೂ ನಾಚಿಕೆಗೂ ಅತ್ತುಬಿಟ್ಟೆ.

ಕ್ಲೇಮು ತಿರಸ್ಕಾರವಾಯಿತು. ಕಾರಣ, ನಾನು ಹಳೆಯ ಕಾಯಿಲೆಯನ್ನು ಮುಚ್ಚಿಟ್ಟಿದ್ದೆನಂತೆ. ಮುಚ್ಚಿಡಲು ಅವರು ನನಗೆ ಏನನ್ನಾದರೂ ಉಳಿಸಿದ್ದರೆ ತಾನೆ.

ಚಿಕ್ಕಬಳ್ಳಾಪುರದ ಆಫೀಸಿಗೆ ಹೋಗಿ, ನನ್ನ ಬಗ್ಗೆ ಯಾರು ಏನು ಹೇಳಿದ್ದಾರೆ ತೋರಿಸಿ ಎಂದೆ. ಕುರ್ಚಿಯಲ್ಲಿದ್ದವರು ಗಂಭೀರವಾಗಿ ತಲೆಯಾಡಿಸಿದರು.

"ಅದು ಕಾನ್ಫಿಡೆನ್ಷಿಯಲ್ ಮೇಡಂ. ಸಾಕ್ಷಿ ಹೇಳಿದೋರ ವಿಷ್ಯ ಹೊರಗೆ ಬಿಡಂಗಿಲ್ಲ."

"ಹಂಗಾದ್ರೆ ನನ್ನನ್ನೂ ಒಬ್ಬ ಸಾಕ್ಷಿ ಅಂತ ಬರ್ಕೊಳ್ಳಿ ಸಾರ್" ಎಂದೆ. "ಇನ್ಮೇಲಾದ್ರೂ ನನ್ನ ವಿಷ್ಯ ಗುಟ್ಟಾಗಿರುತ್ತೆ."