ಮುಗದದಲ್ಲಿ ಕೇಳಿದ ಮಾತು

ಉತ್ತರಪತ್ರಿಕೆಗಳಲ್ಲಿ ಆ ಮಾತು ಬಂದಾಗಲೆಲ್ಲ ನನ್ನ ಪೆನ್ನು ನಿಲ್ಲುತ್ತಿತ್ತು: ‘ಜೈನ ಮುನಿ ಭಿಕ್ಷೆ ಬೇಡುವುದಿಲ್ಲ; ಬೇಡುವವರು ಮನೆಯವರು.’ ಪಕ್ಕದಲ್ಲಿ ನನ್ನ ಸಹೋದ್ಯೋಗಿಯ ಹೆಸರು. ಹಲ್ಲು ಕಚ್ಚಿ ಪೂರ್ತಿ ಅಂಕ ಕೊಡುತ್ತಿದ್ದೆ.

ಆ ಮಾತು ನನ್ನದೆಂದು ನಂಬಿದ್ದೆ. ಧಾರವಾಡದಲ್ಲಿ ನಾವಿಬ್ಬರೂ ಒಂದೇ ವಿಭಾಗದಲ್ಲಿ ಧರ್ಮಗಳ ಚರಿತ್ರೆ ಕಲಿಸುತ್ತೇವೆ. ಅವರು ಹುಬ್ಬಳ್ಳಿಯ ಜೈನ ಮನೆತನದವರು. ನಾನು ಸುಳ್ಳ ಎಂಬ ಹಳ್ಳಿಯ ಶೈವರ ಮನೆಯವನು, ಯಾವ ದೇವರನ್ನೂ ನಂಬದವನು. ಜೈನಶಾಸ್ತ್ರಗಳ ಪ್ರಾಕೃತವನ್ನು ನಾನು ನಿಘಂಟು ಹಿಡಿದು ಕಲಿತೆ. ಅವರು ಅಜ್ಜಿಯ ತೊಡೆಯ ಮೇಲೆ ಕೂತು ಬಾಯಿಪಾಠ ಮಾಡಿದರು. ಇದೊಂದನ್ನು ನನಗೆ ಮೊದಲಿನಿಂದಲೂ ಸಹಿಸಲಾಗಿಲ್ಲ.

ನಾಲ್ಕು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಕರೆದುಕೊಂಡು ನಾವಿಬ್ಬರೂ ಹತ್ತಿರದ ಮುಗದ ಎಂಬ ಹಳ್ಳಿಗೆ ಹೋಗಿದ್ದೆವು. ಅಲ್ಲಿ ದಿಗಂಬರ ಮುನಿಯೊಬ್ಬರು ತಂಗಿದ್ದರು. ಆಹಾರಕ್ಕೆ ಹೊರಡುವ ಮುನ್ನ ಮುನಿ ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಳ್ಳುತ್ತಾರೆ. ಕೈಯಲ್ಲಿ ಕಳಶ ಹಿಡಿದವರು, ಇಲ್ಲವೇ ತೆಂಗಿನಕಾಯಿ ಹಿಡಿದವರು. ಯಾರಿಗೂ ಹೇಳುವುದಿಲ್ಲ. ಅದು ಕಂಡ ಬಾಗಿಲಲ್ಲಿ ಮಾತ್ರ ನಿಲ್ಲುತ್ತಾರೆ. ಕಾಣದಿದ್ದರೆ ಅಂದು ಉಪವಾಸ. ಮನೆಯವರು ಬಾಗಿಲಲ್ಲಿ ನಿಂತು ‘ನಿಲ್ಲಿ ಸ್ವಾಮಿ, ನಿಲ್ಲಿ’ ಎಂದು ಕರೆಯುತ್ತಿದ್ದರು. ಮರಳುವಾಗ ವ್ಯಾನಿನಲ್ಲಿ ನಾನು ಆ ಮಾತು ಹೇಳಿದೆ. ನೆನಪಿನಲ್ಲಿ ನಾನು ಒಮ್ಮೆ ಕಿಟಕಿಯ ಬಳಿ ಕೂತಿರುತ್ತೇನೆ, ಒಮ್ಮೆ ಡ್ರೈವರ್ ಪಕ್ಕ. ಮಾತು ಮಾತ್ರ ನನ್ನ ದನಿಯಲ್ಲೇ ಇರುತ್ತದೆ. ಮರುವರ್ಷ ಅದು ಅವರ ಲೇಖನದ ಮೊದಲ ಪುಟದಲ್ಲಿತ್ತು. ಎರಡನೆಯ ಪುಟ ನಾನು ತಿರುವಲಿಲ್ಲ.

ಕಳೆದ ವರ್ಷ ಹತ್ತು ದಿನದ ದಶಲಕ್ಷಣ ಪರ್ವ ಮುಗಿದ ಮೇಲೆ ಅವರು ನನ್ನ ಕೋಣೆಗೆ ಬಂದು ಕೈ ಮುಗಿದರು.

“ತಿಳದೋ ತಿಳೀದನೋ ನಿಮ್ಮ ಮನಸ್ಸು ನೋಯಿಸಿದ್ರ ಕ್ಷಮಾ ಮಾಡ್ರಿ ಸರ.”

ಆ ದಿನ ಜೈನರು ಕಂಡವರೆಲ್ಲರ ಬಳಿ ಹೀಗೆ ಕೇಳುತ್ತಾರೆ. ಅದನ್ನು ಪ್ರತಿವರ್ಷ ತರಗತಿಯಲ್ಲಿ ವಿವರಿಸುವವನೇ ನಾನು. ಆದರೂ ಅಂದು ಅದು ನನಗೆ ತಪ್ಪೊಪ್ಪಿಗೆ ಎನ್ನಿಸಿತು.

“ಇರ್ಲಿ ಬಿಡ್ರಿ. ಮುಗದದ ಮಾತು ನಂದು ಅಂತ ಈಗರೆ ಒಪ್ಪಿದ್ರಲ್ಲಾ, ಸಾಕು.”

“ಯಾವ ಮಾತ್ರಿ?”

ಹೇಳಿದೆ. ಮುಗಿದ ಕೈ ಬಿಡದೆ ಅವರು ನಕ್ಕರು.

“ಈಗಷ್ಟ ನಮ್ಮ ವಿಭಾಗದ ಸಿಪಾಯಿಗೂ ಕ್ಷಮಾ ಕೇಳಿ ಬಂದೇನಿ. ಹಂಗಾರ ಅವನ ಮಾತೂ ಕದ್ದೇನೇನ್ರಿ? ಅದು ನಿಮ್ಮದೂ ಅಲ್ಲ, ನಂದೂ ಅಲ್ಲ. ಮುಗದದಾಗ ಬಾಗಿಲದಾಗ ನಿಂತು ಕರೀತಿದ್ರಲ್ಲ, ಆ ಮನಿ ಅವ್ವಾರು ಅಂದದ್ದು. ಎರಡನೇ ಪುಟದಾಗ ಟಿಪ್ಪಣಿ ಐತಲ್ರಿ, ಓದಿಲ್ಲೇನ?”

ಲೇಖನ ನನ್ನ ಕಪಾಟಿನಲ್ಲೇ ಇತ್ತು. ತೆಗೆದು ನೋಡಿದೆ. ‘ಮುಗದದ ಗೃಹಿಣಿಯೊಬ್ಬರು ಹೇಳಿದ್ದು’ ಎಂದು ಸಣ್ಣಕ್ಷರದಲ್ಲಿತ್ತು. ಕ್ಷಮೆ ಕೇಳಿದವರಲ್ಲಿ ನಾವೂ ತಿರುಗಿ ಕ್ಷಮೆ ಕೇಳುವುದು ಪದ್ಧತಿ. ನಾನು ಕೇಳಿದ್ದು ಬೇರೆ.

“ಆಕಿ ಅದನ್ನ ಅಂದಾಗ ನಾ ಎಲ್ಲಿದ್ದೆ?”

“ಆಕಿ ಹೇಳಿದ್ದ ನಿಮಗ್ರಿ! ನೀವು ಹೂಂ ಅಂದು ಫೋನ್ ನೋಡಾಕತ್ತಿದ್ರಿ. ನಾ ಬಾಜೂಕ ನಿಂತು ಬರ್ಕೊಂಡೆ.”

ಅವರು ಹೋದ ಮೇಲೆ ಆಕೆಯ ಮುಖ ನೆನೆಯಲು ಕೂತೆ. ಏನೂ ಬರಲಿಲ್ಲ. ಹೇಗಿದ್ದಳೆಂದು ಅವರನ್ನು ಕೇಳಿದರೆ ಹೇಳುತ್ತಾರೆ, ಖಂಡಿತ ಹೇಳುತ್ತಾರೆ. ಕೇಳಲು ನನಗೆ ಇನ್ನೂ ಮನಸ್ಸು ಒಪ್ಪಿಲ್ಲ.